ಹಾಜರಿ ಪುಸ್ತಕದಿಂದ ಕ್ಯಾಮೆರಾ ಕಂಬದವರೆಗೆ

ನಮ್ಮನ್ನು ನೋಡುವುದು, ನೋಡಿ ಬರೆದಿಟ್ಟುಕೊಳ್ಳುವುದು ಈ ದೇಶಕ್ಕೆ ಹೊಸದಲ್ಲ. ಹೊಸದು ಕಣ್ಣು ಮಾತ್ರ. ಹಿಂದೆ ಅದು ಪಟೇಲನ ಕಣ್ಣಾಗಿತ್ತು, ಆಮೇಲೆ ದಫೇದಾರನ ಕಣ್ಣಾಯಿತು. ಈಗ ಕಂಬದ ಮೇಲೆ, ಬಸ್ ನಿಲ್ದಾಣದ ಸೂರಿನಲ್ಲಿ, ಕಿರಾಣಿ ಅಂಗಡಿಯ ಬಾಗಿಲಲ್ಲಿ ಕೂತ ಗಾಜಿನ ಕಣ್ಣು. ಇದಕ್ಕೆ ರೆಪ್ಪೆಯಿಲ್ಲ, ನಿದ್ದೆಯಿಲ್ಲ, ಜಾತಿಯಿಲ್ಲ ಅಂತಾರೆ. ಸರ್ಕಾರ ಹೇಳುತ್ತೆ, ಪತ್ರಿಕೆಗಳು ಹೇಳುತ್ತವೆ, ಓದಿಕೊಂಡ ಗೆಳೆಯರೂ ಹೇಳ್ತಾರೆ. ಯಾರಾದರೂ ಅನುಮಾನ ಎತ್ತಿದರೆ ಅವರ ಬಾಯಲ್ಲಿ ಒಂದು ಮಾತು ತಯಾರಿರುತ್ತೆ: "ತಪ್ಪು ಮಾಡದವನಿಗೆ ಭಯ ಯಾಕಯ್ಯಾ?"

ಈ ಮಾತು ಆಡುವವರು ಠಾಣೆಯ ಜಗುಲಿಯ ಮೇಲೆ ಕೈಕಟ್ಟಿ ಕೂತು ಕಾದ ಜನರಲ್ಲ. ತಪ್ಪು ಮಾಡದೆಯೇ ಇಡೀ ಕುಲದ ಹೆಸರು ಕಳ್ಳರ ಪಟ್ಟಿಗೆ ಸೇರಿದ್ದನ್ನು ಕಂಡವರಲ್ಲ. ಆದ್ದರಿಂದ ಈ ಪ್ರಶ್ನೆಗೆ ಚರಿತ್ರೆಯಿಂದಲೇ ಉತ್ತರ ಕೊಡಬೇಕಾಗಿದೆ. ಬರೆದಿಟ್ಟುಕೊಳ್ಳುವ ಈ ಕೆಲಸ ಎಲ್ಲಿ ಶುರುವಾಯಿತು? ಯಾರ ಮೈಮೇಲೆ ಶುರುವಾಯಿತು? ಬರೆದದ್ದು ಯಾರ ಪೆಟ್ಟಿಗೆಯಲ್ಲಿ ಉಳಿಯಿತು? ಯಾವಾಗ ಹೊರಗೆ ಬಂತು, ಯಾವಾಗ ಮಾಯವಾಯಿತು? ಗೆಳೆಯರೇ, ಇಷ್ಟು ಕೇಳಿಕೊಂಡರೆ ಸಾಕು.

1936ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ 'ಜಾತಿ ವಿನಾಶ'ದಲ್ಲಿ ಪೇಶ್ವೆಗಳ ಕಾಲದ ಸಂಗತಿಯೊಂದನ್ನು ಎತ್ತಿ ಹೇಳಿದರು. ಮರಾಠಾ ಸೀಮೆಯಲ್ಲಿ ಅಸ್ಪೃಶ್ಯನಾದವನು ಕೈಗೋ ಕೊರಳಿಗೋ ಕರಿಯ ದಾರ ಕಟ್ಟಿಕೊಳ್ಳಬೇಕಿತ್ತು. ಸವರ್ಣೀಯನೊಬ್ಬ ಗೊತ್ತಿಲ್ಲದೆ ಮುಟ್ಟಿ ಮೈಲಿಗೆಯಾಗಬಾರದಲ್ಲ, ಅದಕ್ಕೆ. ಪುಣೆಯಲ್ಲಿ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ. ಗುರುತು ನಮ್ಮ ಮೈಮೇಲೆ, ಅದನ್ನು ಓದುವ ಅಧಿಕಾರ ಅವರ ಕಣ್ಣಿಗೆ. ಕಣ್ಗಾವಲಿನ ಮೊದಲ ಪಾಠ ಇದೇ.

ನಮ್ಮ ಹಳ್ಳಿಗಳಲ್ಲಿ ಕರಿದಾರವೂ ಬೇಕಾಗಲಿಲ್ಲ, ಕೇರಿಯೇ ಗುರುತಾಗಿತ್ತು. ಹೊಸಬನೊಬ್ಬ ಊರೊಳಗೆ ಕಾಲಿಟ್ಟರೆ "ಯಾವೂರು? ಯಾರ ಪೈಕಿ?" ಅನ್ನುವ ಎರಡು ಪ್ರಶ್ನೆಗೆ ಉತ್ತರ ಹೇಳದೆ ಮುಂದಕ್ಕೆ ಹೋಗುವಂತಿರಲಿಲ್ಲ. ಊರ ಬಾವಿಯ ಹತ್ತಿರ ನಾವು ಹೆಜ್ಜೆ ಇಟ್ಟರೆ ನೂರು ಕಣ್ಣು ತೆರೆಯುತ್ತಿದ್ದವು. ಕೇರಿಗೆ ಬೆಂಕಿ ಬಿದ್ದ ರಾತ್ರಿ ಆ ನೂರರಲ್ಲಿ ಒಂದೂ ತೆರೆಯುತ್ತಿರಲಿಲ್ಲ. "ನಾವೇನೂ ನೋಡ್ಲಿಲ್ಲ ಸ್ವಾಮಿ" ಅಂತ ಇಡೀ ಊರು ಒಂದೇ ಬಾಯಲ್ಲಿ ಹೇಳುತ್ತಿತ್ತು. ನಮ್ಮ ಮೇಲೆ ಬಿದ್ದಾಗ ತೆರೆಯುವ ಕಣ್ಣು ನಮ್ಮ ಪರವಾಗಿ ನೋಡಬೇಕಾದಾಗ ಯಾಕೆ ಮುಚ್ಚಿಕೊಳ್ಳುತ್ತೆ? ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಬ್ರಿಟಿಷರು ಬಂದು ಈ ಕಣ್ಣಿಗೆ ಕಾಗದ ಕೊಟ್ಟರು. 1857ರ ದಂಗೆ ಅವರ ನಿದ್ದೆ ಕೆಡಿಸಿತ್ತು. ಆಳಿಸಿಕೊಳ್ಳುವವರು ಯಾರ್‍ಯಾರು, ಯಾರನ್ನು ನಂಬಬಹುದು, ಯಾರನ್ನು ನಂಬಬಾರದು ಅನ್ನುವ ಲೆಕ್ಕ ಅವರಿಗೆ ಬೇಕಾಯಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟಗಳು ಹೊರಬಂದವು. ಫೋಟೋ ಹಿಡಿಯುವ ಯಂತ್ರ ಈ ದೇಶಕ್ಕೆ ಬಂದು ಇನ್ನೂ ಮೂರು ದಶಕ ಆಗಿರಲಿಲ್ಲ. ಆಗಲೇ ಅದು ಜಾತಿಗಳನ್ನೂ ಬುಡಕಟ್ಟುಗಳನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಚಿತ್ರದ ಜೊತೆಗೂ ಗುಣಸ್ವಭಾವದ ತೀರ್ಪು ಬರೆಯುವ ಕೆಲಸಕ್ಕೆ ಇಳಿದಿತ್ತು.

ಅದಕ್ಕೂ ಮೊದಲು, 1858ರಲ್ಲಿ, ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಹಚ್ಚಿಸಿ ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ರಸ್ತೆಗೆ ಜಲ್ಲಿ ಒದಗಿಸುವ ಕರಾರು ಅದು. ಮುಂದೆ ತನ್ನ ಸಹಿಯೇ ಅಲ್ಲ ಎಂದು ಕೊನಾಯಿ ಜಾರಿಕೊಳ್ಳದಂತೆ ಹೆದರಿಸುವುದೇ ತನ್ನ ಉದ್ದೇಶವಾಗಿತ್ತು ಎಂದು ಹರ್ಷೆಲ್ಲನೇ ಆಮೇಲೆ ಬರೆದ. ಬೆರಳಚ್ಚಿನ ಚರಿತ್ರೆ ಶುರುವಾದದ್ದು ಹೀಗೆ. ವಿಜ್ಞಾನ ಆಮೇಲೆ ಬಂತು, ಅಪನಂಬಿಕೆ ಮೊದಲು ಬಂತು. 1897ರಲ್ಲಿ ಕಲ್ಕತ್ತೆಯಲ್ಲಿ ಪ್ರಪಂಚದ ಮೊದಲ ಬೆರಳಚ್ಚು ಕಚೇರಿ ತೆರೆಯಿತು. ಸಾವಿರಾರು ಬೆರಳಚ್ಚುಗಳನ್ನು ವಿಂಗಡಿಸಿ ಹುಡುಕುವ ಲೆಕ್ಕವನ್ನು ಕಟ್ಟುವುದಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು. ಏಕಲವ್ಯನ ಹೆಬ್ಬೆರಳನ್ನು ಕೊಯ್ಯಿಸಿದರು. ನಮ್ಮ ಅಜ್ಜಂದಿರದನ್ನು ಕೊಯ್ಯಲಿಲ್ಲ, ಮಸಿ ಹಚ್ಚಿ ಒತ್ತಿಸಿಕೊಂಡರು. ಒತ್ತಿಸಿಕೊಂಡ ಮೇಲೆ "ಹೆಬ್ಬೆಟ್ಟು" ಅಂತ ಹೀಯಾಳಿಸಿದರು.

ಈ ಫೋಟೋ, ಈ ಮಸಿ, ಈ ಪಟ್ಟಿ ಒಟ್ಟಿಗೆ ಸೇರುವುದಕ್ಕೆ ಒಂದು ಕಾನೂನು ಬೇಕಿತ್ತು. ಅದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಯಾವುದಾದರೂ ಬುಡಕಟ್ಟನ್ನು ಸರ್ಕಾರ 'ಅಪರಾಧಿ' ಎಂದು ಸಾರಿದರೆ ಮುಗಿಯಿತು; ಅದು ಸರಿಯೋ ತಪ್ಪೋ ಎಂದು ಕೇಳುವ ಅಧಿಕಾರ ಯಾವ ಕೋರ್ಟಿಗೂ ಇರಲಿಲ್ಲ. ಆ ಕುಲದಲ್ಲಿ ಹುಟ್ಟಿದ್ದೇ ತಪ್ಪು. ಹೆಸರು ರಿಜಿಸ್ಟರಿಗೆ ಏರಬೇಕು. ಹಾಜರಿ ಕೂಗಿದಾಗ ಎದ್ದು ನಿಲ್ಲಬೇಕು. ಊರು ಬಿಟ್ಟು ಹೋಗಬೇಕಾದರೆ ಪಾಸು ಬೇಕು. ಪಾಸಿಲ್ಲದೆ ಸಿಕ್ಕರೆ ವಾರಂಟಿಲ್ಲದೆ ಹಿಡಿಯಬಹುದು, ಜೈಲಿಗೆ ಹಾಕಬಹುದು, ಛಡಿ ಏಟು ಕೊಡಬಹುದು. ಮೊದಲು ಉತ್ತರದ ಸೀಮೆಗಳಲ್ಲಿ ಜಾರಿಗೆ ಬಂದದ್ದು 1911ರಲ್ಲಿ ಮದ್ರಾಸೂ ಸೇರಿ ಬ್ರಿಟಿಷ್ ಇಂಡಿಯಾವನ್ನೆಲ್ಲ ಆವರಿಸಿತು. ಆ ತಿದ್ದುಪಡಿಯಲ್ಲೇ ರಿಜಿಸ್ಟರಿನಲ್ಲಿದ್ದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರವೂ ಬಂತು.

ಇದು ದೂರದ ಕಥೆಯಲ್ಲ. ಅಂದಿನ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಕೊರವ, ಗಂಟಿಚೋರ, ಹರಣಶಿಕಾರಿ ಮುಂತಾದ ಜನರನ್ನು ತಂದು ಕೂಡಿಹಾಕಿದ ವಸಾಹತುಗಳಿದ್ದವು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇವತ್ತಿಗೂ ಜನ 'ಸೆಟ್ಲಮೆಂಟ್' ಅಂತಲೇ ಕರೆಯುವ ಜಾಗಗಳಿವೆ. ಆಟೋದವರಿಗೆ ಹಾಗೆ ಹೇಳಿದರೇ ದಾರಿ ತಿಳಿಯೋದು. ಸೆರೆಮನೆಯ ಹೆಸರು ಬಡಾವಣೆಯ ಹೆಸರಾಗಿ ಉಳಿದಿದೆ. ಗಿರಣಿಯಲ್ಲಿ ದುಡಿದು ಬಂದು ಹಾಜರಿ ಹಾಕಬೇಕಾಗಿದ್ದ ಆ ಜನರನ್ನು ಕೇಳಬೇಕಿತ್ತು, ತಪ್ಪು ಮಾಡದವನಿಗೆ ಭಯ ಯಾಕೆ ಅಂತ.

1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಹದಿನಾರು ದಿನ ಕಾದ ಮೇಲೆ ಸಿಕ್ಕ ಬಿಡುಗಡೆ ಅದು. ಆದರೆ ಕಾಯ್ದೆ ಹೋಯಿತು, ಪುಸ್ತಕ ಹೋಗಲಿಲ್ಲ. 'ಅಪರಾಧಿ ಬುಡಕಟ್ಟು' ಅನ್ನುವ ಮಾತನ್ನು ಅಳಿಸಿದ ಕೈಯೇ 'ರೂಢಿಗತ ಅಪರಾಧಿ' ಅಂತ ಬರೆಯಿತು. ಹಲವು ರಾಜ್ಯಗಳು ಅಂಥ ಕಾಯ್ದೆ ಮಾಡಿಕೊಂಡವು. ನಮ್ಮ ರಾಜ್ಯದ್ದು 1961ರದು. ಠಾಣೆಯ ಕಪಾಟಿನಲ್ಲಿ ಹಿಸ್ಟರಿ ಶೀಟು, ರೌಡಿ ಶೀಟುಗಳು ಬೆಳೆದವು. ಹಬ್ಬ ಬಂದರೆ, ಚುನಾವಣೆ ಬಂದರೆ, ಮಂತ್ರಿ ಬಂದರೆ ಆ ಹಾಳೆಗಳನ್ನು ತೆಗೆದು ಅದೇ ಕೇರಿಗಳಿಗೆ ಹೋಗುವುದು ವಾಡಿಕೆಯಾಯಿತು.

ಇದು ನಾವು ಕಟ್ಟಿದ ಆರೋಪವಲ್ಲ. 2024ರ ಮೇ 7ರಂದು ಸುಪ್ರೀಂ ಕೋರ್ಟು ದೆಹಲಿಯ ಒಂದು ಮೊಕದ್ದಮೆಯಲ್ಲಿ ತಾನಾಗಿಯೇ ಈ ವಿಷಯ ಎತ್ತಿಕೊಂಡಿತು. ಹಿಂದುಳಿದವರು, ಪರಿಶಿಷ್ಟ ಜಾತಿ ಪಂಗಡದವರು, ಬಡವರು ಅನ್ನುವ ಕಾರಣಕ್ಕೇ ನಿರಪರಾಧಿಗಳ ಹೆಸರು ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಏರಬಾರದು, ರಾಜ್ಯಗಳೆಲ್ಲ ತಮ್ಮ ನಿಯಮಗಳನ್ನು ನೋಡಿಕೊಳ್ಳಬೇಕು ಎಂದಿತು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲುಗಳೊಳಗಿನ ಜಾತಿ ಪದ್ಧತಿಯನ್ನು ಸಂವಿಧಾನ ವಿರೋಧಿ ಎಂದು ಸಾರಿತು. ಯಾರು ಅಡುಗೆ ಮಾಡಬೇಕು, ಯಾರು ಗುಡಿಸಬೇಕು ಎಂದು ಜಾತಿ ನೋಡಿ ಹೇಳುತ್ತಿದ್ದ ಕೈಪಿಡಿಗಳು ಅವು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಕೋರ್ಟು ಹೇಳಬೇಕಾಯಿತು. ಗಣರಾಜ್ಯಕ್ಕೆ ಆಗ ಎಪ್ಪತ್ತನಾಲ್ಕು ವರ್ಷ ತುಂಬಿತ್ತು!

ಪುಸ್ತಕ ಈ ನಡುವೆ ಕಂಪ್ಯೂಟರಾಯಿತು. ಬ್ರಿಟಿಷರ 1920ರ ಕೈದಿಗಳ ಗುರುತಿನ ಕಾಯ್ದೆಯ ಜಾಗಕ್ಕೆ 2022ರಲ್ಲಿ ಹೊಸದೊಂದು ಬಂತು. ಶಿಕ್ಷೆಯಾದವರದಷ್ಟೇ ಅಲ್ಲ, ಬಂಧನಕ್ಕೊಳಗಾದವರ ಬೆರಳು, ಅಂಗೈ, ಅಂಗಾಲು, ಫೋಟೋ, ಕಣ್ಣಿನ ಪಾಪೆ, ನಡವಳಿಕೆಯ ಗುರುತುಗಳನ್ನೂ ಇದರ ಅಡಿಯಲ್ಲಿ ತೆಗೆದುಕೊಳ್ಳಬಹುದು. ತೆಗೆದದ್ದನ್ನು 75 ವರ್ಷ ಇಟ್ಟುಕೊಳ್ಳಬಹುದು. ಇಪ್ಪತ್ತರ ಹರೆಯದಲ್ಲಿ ಸಿಕ್ಕಿಬಿದ್ದವನು ತೊಂಬತ್ತೈದರ ಮುದುಕನಾಗುವವರೆಗೆ. ಹಿಂದೆ ಶಿಕ್ಷೆಯಾಗಿರದವನು ಬಿಡುಗಡೆಯಾದರೆ ಅಳಿಸಬೇಕು ಎಂಬ ಮಾತೂ ಕಾಯ್ದೆಯಲ್ಲಿದೆ. ಕೋರ್ಟು ಬೇಡವೆಂದರೆ ಅದೂ ಇಲ್ಲ. ಅಳಿಸಿದರೋ ಇಲ್ಲವೋ ಎಂದು ನೋಡಲು ಕೂಲಿಯವನು ಯಾವ ಕಿಟಕಿಯಲ್ಲಿ ಇಣುಕಬೇಕು?

75 ವರ್ಷ. ಈ ಅಂಕಿಯನ್ನು ನೆನಪಿಟ್ಟುಕೊಂಡು ಈಗ ಬೀದಿಗೆ ಬರೋಣ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಕ್ರೌರ್ಯಕ್ಕೆ ದೇಶವೇ ಮರುಗಿತು. 2013ರಲ್ಲಿ ನಿರ್ಭಯಾ ನಿಧಿ ಬಂತು. 2018ರಲ್ಲಿ ಆ ನಿಧಿಯಿಂದ ಬೆಂಗಳೂರೂ ಸೇರಿ ಎಂಟು ಮಹಾನಗರಗಳಿಗೆ 'ಸೇಫ್ ಸಿಟಿ' ಯೋಜನೆ ಮಂಜೂರಾಯಿತು. ಬೆಂಗಳೂರಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಕಂಬ ಹತ್ತಿದವು. ಅದಕ್ಕೆ ಮೊದಲೇ, 2017ರಲ್ಲಿ, ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸುರಕ್ಷತಾ ಕಾಯ್ದೆ ಬಂದಿತ್ತು. ಜನ ಹೆಚ್ಚು ಸೇರುವ ಅಂಗಡಿ, ಆಸ್ಪತ್ರೆ, ಕಾಲೇಜು, ದೇವಸ್ಥಾನಗಳು ಸಿ.ಸಿ. ಕ್ಯಾಮೆರಾ ಹಾಕಬೇಕು, 30 ದಿನದ ದೃಶ್ಯ ಇಟ್ಟಿರಬೇಕು, ಪೊಲೀಸರು ಕೇಳಿದಾಗ ಕೊಡಬೇಕು ಎಂದಿತು.

ಹೆಣ್ಣುಮಕ್ಕಳ ರಕ್ಷಣೆ ಎಂಬ ಮಾತನ್ನು ನಾವು ಹಗುರ ಮಾಡುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ತಂಗಿಗೆ ಬೀದಿದೀಪ ಬೇಕು, ಬಸ್ಸು ಬೇಕು, ಕಂಪ್ಲೇಂಟು ಬರೆದುಕೊಳ್ಳುವ ಠಾಣೆ ಬೇಕು. ಕ್ಯಾಮೆರಾದಿಂದ ಕಳ್ಳ ಸಿಕ್ಕಿದ್ದೂ ಉಂಟು, ಕೊಲೆಗಾರ ಸಿಕ್ಕಿದ್ದೂ ಉಂಟು. ಆದರೆ ಕ್ಯಾಮೆರಾ ಬರೀ ನೋಡುವುದಿಲ್ಲ. ಈಗ ಅದು ಗುರುತಿಸುತ್ತೆ. ಕಣ್ಣಿಗೂ ಮೂಗಿಗೂ ದವಡೆಗೂ ಇರುವ ಅಂತರಗಳನ್ನು ಅಂಕಿಗಳನ್ನಾಗಿ ಮಾಡಿಕೊಂಡು, ತನ್ನ ಹತ್ತಿರವಿರುವ ಪಟ್ಟಿಯ ಮುಖಗಳ ಜೊತೆ ಹೋಲಿಸಿ, "ಇಷ್ಟು ಪಾಲು ಹೋಲುತ್ತೆ" ಅಂತ ಒಂದು ಲೆಕ್ಕ ಹೇಳುತ್ತೆ. ಯಾರ ಮುಖ ಪಟ್ಟಿಯಲ್ಲಿದೆಯೋ ಅವರನ್ನೇ ಅದು ಹುಡುಕುವುದು. ಪಟ್ಟಿಯಲ್ಲಿರುವವರು ಯಾರು? ಹಿಸ್ಟರಿ ಶೀಟಿನವರು, ಒಮ್ಮೆ ಹಿಡಿಸಿಕೊಂಡವರು, ಹಳೆಯ ಪುಸ್ತಕದ ಮಕ್ಕಳು ಮೊಮ್ಮಕ್ಕಳು. ಯಂತ್ರಕ್ಕೆ ಜಾತಿಯಿಲ್ಲ, ಒಪ್ಪೋಣ. ಪಟ್ಟಿಗೆ ಇದೆಯಲ್ಲ!

ಯಂತ್ರದ ಕಣ್ಣಾದರೂ ಎಷ್ಟು ಚುರುಕು? ಕಾಣೆಯಾದ ಮಕ್ಕಳನ್ನು ಹುಡುಕಲು ತಂದ ಯಂತ್ರ ಶೇ. 2ರಷ್ಟು ಮಾತ್ರ ನಿಖರ ಎಂದು 2018ರಲ್ಲಿ ದೆಹಲಿ ಪೊಲೀಸರೇ ಹೈಕೋರ್ಟಿಗೆ ಹೇಳಿದರು. ಎರಡು ವರ್ಷದ ಮೇಲೆ, 2020ರ ದೆಹಲಿ ಗಲಭೆಯ ನಂತರ, ಮತದಾರರ ಚೀಟಿ ಮತ್ತು ಡ್ರೈವಿಂಗ್ ಲೈಸೆನ್ಸಿನ ಮುಖಗಳನ್ನು ಯಂತ್ರಕ್ಕೆ ತುಂಬಿ 1,100ಕ್ಕೂ ಹೆಚ್ಚು ಜನರನ್ನು ಗುರುತಿಸಲಾಗಿದೆ ಎಂದು ಗೃಹಮಂತ್ರಿಗಳು ಲೋಕಸಭೆಯಲ್ಲಿ ಹೇಳಿದರು. ಓಟು ಹಾಕಲು ಕೊಟ್ಟ ಮುಖ, ಗಾಡಿ ಓಡಿಸಲು ಕೊಟ್ಟ ಮುಖ, ಹೇಳದೆ ಕೇಳದೆ ಠಾಣೆಗೆ ಹೋಯಿತು. ಶೇ. 80 ಹೋಲಿಕೆ ಬಂದರೆ 'ಸಿಕ್ಕಿದ' ಎಂದು ಎಣಿಸುತ್ತೇವೆಂದು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ದೆಹಲಿ ಪೊಲೀಸರು ಉತ್ತರ ಕೊಟ್ಟರು. ಈ 80ನ್ನು ಯಾವ ಶಾಸನಸಭೆಯೂ ಚರ್ಚಿಸಿ ತೀರ್ಮಾನಿಸಲಿಲ್ಲ. ಅಷ್ಟೇ ಅಲ್ಲ, 80ಕ್ಕಿಂತ ಕೆಳಗೆ ಬಂದವನನ್ನೂ ಕೈಬಿಡುವುದಿಲ್ಲ, ಬೇರೆ ಪುರಾವೆ ಹುಡುಕುತ್ತಾರೆ.

ಮೈಬಣ್ಣದ ಮಾತೂ ಇದೆ. 2018ರಲ್ಲಿ ಅಮೆರಿಕದಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬಿಬ್ಬರು ಕಪ್ಪು ಹೆಣ್ಣುಮಕ್ಕಳು ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷೆಗೆ ಒಡ್ಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವಷ್ಟು ಸರಳ ಕೆಲಸ. ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ನ್ನು ದಾಟಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೂ ಹೋಯಿತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಪೊಲೀಸರು ಒಬ್ಬ ಕಪ್ಪು ಮನುಷ್ಯನನ್ನು ಹೆಂಡತಿ ಮಕ್ಕಳ ಎದುರೇ ಬೇಡಿ ಹಾಕಿ ಒಯ್ದರು. ಗಡಿಯಾರದ ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ಮಸುಕು ಚಿತ್ರಕ್ಕೂ ಅವನ ಹಳೆಯ ಲೈಸೆನ್ಸಿನ ಫೋಟೋಗೂ ಯಂತ್ರ ಗಂಟು ಹಾಕಿತ್ತು. ಕಳ್ಳ ಅವನಲ್ಲ. ಆದರೂ ಸುಮಾರು ಮೂವತ್ತು ಗಂಟೆ ಲಾಕಪ್ಪು. 2024ರಲ್ಲಿ ನಗರಾಡಳಿತ ರಾಜಿಗೆ ಬಂದು, ಬರೀ ಯಂತ್ರದ ಮಾತು ಕೇಳಿ ಯಾರನ್ನೂ ಬಂಧಿಸುವುದಿಲ್ಲ ಎಂದು ಒಪ್ಪಿಕೊಂಡಿತು. 1972ರಲ್ಲಿ ಮುಂಬೈಯ ನಮ್ಮ ಅಣ್ಣಂದಿರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರು ತೆಗೆದುಕೊಂಡು ದಲಿತ ಪ್ಯಾಂಥರ್ ಕಟ್ಟಿದ್ದು ಸುಮ್ಮನೆ ಅಲ್ಲ. ಅವರ ಮೈಮೇಲೆ ಬಿದ್ದ ಯಂತ್ರದ ಕಣ್ಣು ಈಗ ನಮ್ಮ ಬೀದಿಗೂ ಬಂದಿದೆ.

ಬೀದಿ ಗುಡಿಸುವವರನ್ನು ಕೇಳಿ. ನಾಗಪುರ, ಪಂಚಕುಲ, ಚಂಡೀಗಢಗಳಲ್ಲಿ ಪೌರಕಾರ್ಮಿಕರ ಕೈಗೆ ಗಡಿಯಾರದಂಥ ಯಂತ್ರ ಕಟ್ಟಿದರು. ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಅನ್ನುವುದೆಲ್ಲ ಕಚೇರಿಯ ಪರದೆಯ ಮೇಲೆ. ಪಂಚಕುಲದಲ್ಲಿ ಕಟ್ಟಿದ್ದಕ್ಕೆ ಕ್ಯಾಮೆರಾ, ಮೈಕು ಎರಡೂ ಇದ್ದವು. ಕಕ್ಕಸಿಗೆ ಹೋಗುವಾಗಲೂ ಇದು ನೋಡುತ್ತಾ ಎಂದು ಹೆಂಗಸರು ಹೆದರಿದರು. ಯಾವ ಕಮಿಷನರ ಮುಂಗೈಗೆ ಇದನ್ನು ಕಟ್ಟಿದ್ದಾರೆ? ಪೇಶ್ವೆಗಳ ಕರಿದಾರ ಬ್ಯಾಟರಿ ಹಾಕಿಕೊಂಡು ಬಂದಿದೆ, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ತೆರೆದ ಕಣ್ಣಿನ ಕಥೆ. ಈಗ ಮುಚ್ಚಿದ ಕಣ್ಣಿನ ಕಥೆ ಕೇಳಿ.

ಠಾಣೆಯೊಳಗಿನ ಏಟಿಗೆ ಸಾಕ್ಷಿ ಯಾರು? ಹೊಡೆದವನು, ಹೊಡೆಸಿಕೊಂಡವನು, ಇಬ್ಬರೇ. ಅದಕ್ಕೇ 1996ರ ಡಿ.ಕೆ. ಬಸು ತೀರ್ಪಿನಿಂದ ಶುರುಮಾಡಿ ಸುಪ್ರೀಂ ಕೋರ್ಟು ಒಂದೊಂದೇ ನಿಯಮ ಹೇಳುತ್ತ ಬಂತು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಖಡಾಖಂಡಿತ ಆದೇಶ ಕೊಟ್ಟಿತು. ದೇಶದ ಪ್ರತಿಯೊಂದು ಠಾಣೆಯಲ್ಲೂ ಕ್ಯಾಮೆರಾ ಇರಬೇಕು. ಬಾಗಿಲು, ಲಾಕಪ್ಪು, ಪಡಸಾಲೆ, ಇನ್‌ಸ್ಪೆಕ್ಟರ ಕೋಣೆ, ಠಾಣೆಯ ಹಿತ್ತಿಲು, ಯಾವ ಮೂಲೆಯೂ ತಪ್ಪಬಾರದು. ಕತ್ತಲಲ್ಲೂ ಕಾಣಬೇಕು, ಮಾತೂ ಕೇಳಬೇಕು. ದೃಶ್ಯವನ್ನು 18 ತಿಂಗಳು ಇಡಬೇಕು, ಆಗದಿದ್ದರೆ ಒಂದು ವರ್ಷಕ್ಕಂತೂ ಕಮ್ಮಿಯಾಗಬಾರದು. ಇಲ್ಲಿ ಕ್ಯಾಮೆರಾ ಇದೆ, ನಿಮ್ಮ ಹಕ್ಕಿಗೆ ಧಕ್ಕೆಯಾದರೆ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು, ಆ ದೃಶ್ಯವನ್ನು ಕಾಯ್ದಿರಿಸಿಕೊಳ್ಳುವ ಹಕ್ಕು ನಿಮಗಿದೆ ಎಂದು ಊರಿನ ಭಾಷೆಯಲ್ಲೇ ದೊಡ್ಡ ಬೋರ್ಡು ಹಾಕಬೇಕು. ಗೆಳೆಯರೇ, ನಿಮ್ಮ ಊರಿನ ಠಾಣೆಯಲ್ಲಿ ಈ ಕನ್ನಡ ಬೋರ್ಡನ್ನು ಎಂದಾದರೂ ನೋಡಿದ್ದೀರಾ?

ಆ ತೀರ್ಪಿಗೆ ಆರು ತಿಂಗಳ ಹಿಂದೆ, 2020ರ ಜೂನಿನಲ್ಲಿ, ತಮಿಳುನಾಡಿನ ಸಾತ್ತಾನ್‌ಕುಳಂ ಠಾಣೆಗೆ ಒಯ್ದಿದ್ದ ತಂದೆ ಮಗ ಇಬ್ಬರೂ ಏಟು ತಿಂದು ಸತ್ತರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಹೇಳಿದ ಸಂಗತಿ ಇದು: ಠಾಣೆಯಲ್ಲಿ ಕ್ಯಾಮೆರಾ ಇತ್ತು. ಹಾರ್ಡ್ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವೂ ಇತ್ತು. ಆದರೆ ಅಂದಂದಿನ ದೃಶ್ಯ ಅಂದಂದೇ ತಾನಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಿ ಇಡಲಾಗಿತ್ತು. ಎಫ್.ಐ.ಆರ್.ನಲ್ಲಿ ಬರೆದ ಕಥೆಯನ್ನು ಸುಳ್ಳು ಮಾಡಿದ್ದು ಬೀದಿಯ ಅಂಗಡಿ ಕಡೆಯ ಕ್ಯಾಮೆರಾ. ಒಳಗೆ ರಾತ್ರಿಯಿಡೀ ನಡೆದದ್ದನ್ನು ಹೇಳಿದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಯಂತ್ರಕ್ಕೆ ಮರೆಯಲು ಕಲಿಸಿದ್ದರು. ಆ ಹೆಣ್ಣುಮಗಳು ಮರೆಯಲಿಲ್ಲ.

ಆದೇಶ ಬಂದು ಐದು ವರ್ಷಕ್ಕೆ, 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಎಂಟು ತಿಂಗಳೊಳಗೆ 11 ಜನ ಪೊಲೀಸರ ವಶದಲ್ಲಿದ್ದಾಗ ಸತ್ತ ಪತ್ರಿಕಾ ವರದಿ ಓದಿ ಸುಪ್ರೀಂ ಕೋರ್ಟು ತಾನಾಗಿಯೇ ಮೊಕದ್ದಮೆ ಹೂಡಿಕೊಂಡಿತು. ಠಾಣೆಗಳಲ್ಲಿ ನಡೆಯುವ ಕ್ಯಾಮೆರಾ ಇಲ್ಲದಿರುವುದೇ ವಿಷಯ. ನಮ್ಮ ಬೀದಿಯ ಕಂಬದ ಕ್ಯಾಮೆರಾ ಕೆಟ್ಟರೆ ರಿಪೇರಿಯವನು ಓಡಿಬರುತ್ತಾನೆ. ಲಾಕಪ್ಪಿನ ಕ್ಯಾಮೆರಾ ಕೆಟ್ಟರೆ ಆ ರಾತ್ರಿಯೇ ಯಾಕೆ ಕೆಟ್ಟಿತು ಎಂದು ಯಾರೂ ಕೇಳುವುದಿಲ್ಲ.

"ಕಂಬಾಲಪಲ್ಲಿಯಲ್ಲಿ ಕ್ಯಾಮೆರಾ ಇದ್ದಿದ್ದರೆ?" ಎಂದು ನಮ್ಮವರೇ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮನುಷ್ಯ ಸಾಕ್ಷಿ ಹೆದರುತ್ತಾನೆ, ಕ್ಯಾಮೆರಾ ಹೆದರುವುದಿಲ್ಲ ಅನ್ನುವುದು ನಿಜ. ಆದರೆ ಅದರ ಒಡೆಯ ಹೆದರುತ್ತಾನೆ. ಇಲ್ಲವೇ, ಹೆದರಿಸುವವನೇ ಅದರ ಒಡೆಯನಾಗಿರುತ್ತಾನೆ. ಊರಿನ ಕ್ಯಾಮೆರಾ ಇರುವುದು ಯಾರ ಅಂಗಡಿಯ ಮುಂದೆ, ಯಾರ ರೈಸ್ ಮಿಲ್ಲಿನ ಗೇಟಿನಲ್ಲಿ? 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಕಟ್ಟಿ ಥಳಿಸಿದವರು ತಾವೇ ಅದನ್ನು ಚಿತ್ರ ಹಿಡಿದು ಹಂಚಿದರು. ಆ ಚಿತ್ರ ಅವರಿಗೆ ತಮ್ಮ ಮೇಲಿನ ಸಾಕ್ಷಿಯಾಗಿ ಕಾಣಲಿಲ್ಲ, ಪೌರುಷವಾಗಿ ಕಂಡಿತು. ಅದನ್ನು ಸಾಕ್ಷಿ ಮಾಡಿದ್ದು ಸತ್ತ ದನಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಸುರಿದ ಜನ. ಚಿತ್ರ ತಾನಾಗಿ ನ್ಯಾಯ ಹೇಳುವುದಿಲ್ಲ.

ಕೋರ್ಟಿನ ದಾರಿಯನ್ನೂ ನೋಡಿ. ಅಂಗಡಿಯ ಪೆಟ್ಟಿಗೆಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತಾನೇ ಬರೆದುಕೊಳ್ಳುತ್ತ ಹೋಗುತ್ತೆ. ಜಾತಿನಿಂದನೆಯ ಕೇಸು ದಾಖಲಿಸಲು ನಮ್ಮವರು ಠಾಣೆ, ಡಿವೈಎಸ್ಪಿ, ಎಸ್ಪಿ ಅಂತ ತಿರುಗುವಷ್ಟರಲ್ಲಿ 30 ದಿನ ಕಳೆದಿರುತ್ತೆ. ದೃಶ್ಯ ಉಳಿದಿದ್ದರೂ 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಅದರ ಜೊತೆಗೆ ಪ್ರಮಾಣಪತ್ರ ಬೇಕು. ಅದಕ್ಕೆ ಯಂತ್ರ ಯಾರ ಉಸ್ತುವಾರಿಯಲ್ಲಿತ್ತೋ ಅವರೂ, ಒಬ್ಬ ತಜ್ಞರೂ ಸಹಿ ಹಾಕಬೇಕು. ಅಂದರೆ ಹೊಡೆದವರ ಕಡೆಯವನ ಸಹಿ ಹೊಡೆಸಿಕೊಂಡವನಿಗೆ ಬೇಕು! ಇರುವ ಚಿತ್ರವನ್ನು ಮುಚ್ಚಿಟ್ಟರೆ ಏನಾಗುತ್ತೆ ಅನ್ನುವುದಕ್ಕೆ 2015ರ ಒಂದು ತೀರ್ಪು ನೋಡಬೇಕು. ವಾರಾಣಸಿಯ ಹೋಟೆಲಿನ ಸಾವೊಂದರಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಇಬ್ಬರು ಇಟಲಿಯವರನ್ನು ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಹೋಟೆಲಿನ ಕ್ಯಾಮೆರಾದ ದೃಶ್ಯವನ್ನು ಪೊಲೀಸರು ಕೋರ್ಟಿಗೆ ತರಲೇ ಇಲ್ಲ ಅನ್ನುವುದು ಒಂದು ಮುಖ್ಯ ಕಾರಣ. ಅಷ್ಟರಲ್ಲಿ ಅವರು ಸುಮಾರು ಐದು ವರ್ಷ ಜೈಲಿನಲ್ಲಿ ಕಳೆದಿದ್ದರು. ಅವರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿಯಿತ್ತು. ನಮಗೆ?

ಇನ್ನು ಖಾಸಗಿತನದ ಮಾತು. "ಅದೆಲ್ಲ ಹೊಟ್ಟೆ ತುಂಬಿದವರ ಚಿಂತೆ, ಬಚ್ಚಲಿಗೆ ಬಾಗಿಲಿಲ್ಲದವರಿಗೆ ಖಾಸಗಿತನ ಏನು ಬಂತು?" ಎಂದು ನಮ್ಮೊಳಗೇ ಮೂಗು ಮುರಿಯುವವರಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಕೊಂಡಾಡುತ್ತಿದ್ದವರನ್ನು ಬಾಬಾಸಾಹೇಬರು ತರಾಟೆಗೆ ತೆಗೆದುಕೊಂಡರು. ಹಳ್ಳಿಯಲ್ಲಿ ನಮ್ಮ ಗುರುತು ನಮಗಿಂತ ಮೊದಲೇ ನಡೆದು ಹೋಗಿರುತ್ತೆ. ನಮ್ಮ ಜನ ಊರು ಬಿಟ್ಟು ಶಹರಕ್ಕೆ ಬಂದದ್ದು ಕೂಲಿಗಾಗಿ ಮಾತ್ರವಲ್ಲ, ಯಾರಿಗೂ ಗೊತ್ತಿಲ್ಲದವರಾಗಿ ಒಂದು ಹೋಟೆಲಿನಲ್ಲಿ ಕೂತು ಟೀ ಕುಡಿಯುವ ಸುಖಕ್ಕಾಗಿ. "ಯಾರ ಪೈಕಿ?" ಎಂದು ಕೇಳದ ಬೀದಿಗಾಗಿ. ಸವರ್ಣೀಯನಿಗೆ ಖಾಸಗಿತನ ಮನೆಯ ಕದ, ನಮಗೆ ಅದು ಬೀದಿಯಲ್ಲಿ ತಲೆಯೆತ್ತಿ ನಡೆಯುವ ದಾರಿ. ಪ್ರತಿ ಮುಖಕ್ಕೂ ಹೆಸರು ಹಚ್ಚುವ ಕಂಬ ಅಂದರೆ ಶಹರದ ನಡುವೆ ಹಳ್ಳಿಯ ಪಟೇಲನನ್ನು ತಂದು ಕೂರಿಸಿದಂತೆ. ಬೇರೆ ಜಾತಿಯ ಹುಡುಗನ ಕೈ ಹಿಡಿದು ಬಸ್ ಹತ್ತಿದ ಹುಡುಗಿಯ ದೃಶ್ಯ ಠಾಣೆಯಿಂದ ಅವಳ ಅಣ್ಣಂದಿರ ಕೈಗೆ ಜಾರಿದರೆ ಆ ಇಬ್ಬರ ಜೀವಕ್ಕೆ ಹೊಣೆ ಯಾರು?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹಕ್ಕಿಗೆ ಕೈಹಾಕಬೇಕಾದರೆ ಒಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದಿತು ಕೋರ್ಟು. ಬೀದಿಯಲ್ಲಿ ಮುಖ ಗುರುತಿಸುವ ಯಂತ್ರಕ್ಕೆಂದೇ ಪಾರ್ಲಿಮೆಂಟು ಮಾಡಿದ ಕಾನೂನು ಇಲ್ಲ. 2023ರಲ್ಲಿ ಬಂದ ದತ್ತಾಂಶ ರಕ್ಷಣೆಯ ಕಾಯ್ದೆಯ 17ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೇ ಕೊಟ್ಟಿದೆ. ಬೇಲಿಯ ಬೀಗದ ಕೈ ಮೇಯುವವನ ಸೊಂಟದಲ್ಲಿದೆ.

ಹಾಗಾದರೆ ಕ್ಯಾಮೆರಾಗಳನ್ನೆಲ್ಲ ಒಡೆದುಹಾಕಬೇಕೇ? ನಾವು ಹಾಗೆ ಹೇಳುತ್ತಿಲ್ಲ. ನಮ್ಮ ಬೇಡಿಕೆಗಳು ಸರಳ. ಬೀದಿಯಲ್ಲಿ ಮುಖ ಗುರುತಿಸುವ ಯಂತ್ರವನ್ನು ಕಾನೂನಿಲ್ಲದೆ ನಡೆಸಕೂಡದು. ಹಿಸ್ಟರಿ ಶೀಟುಗಳನ್ನು ತೆರೆದು, ಜಾತಿಯ ಕಾರಣಕ್ಕೆ ಏರಿದ ಹೆಸರುಗಳನ್ನು ಅಳಿಸಬೇಕು, ಅಳಿಸಿದ್ದನ್ನು ಅವರಿಗೆ ಲಿಖಿತವಾಗಿ ತಿಳಿಸಬೇಕು. ಠಾಣೆಯೊಳಗಿನ ದೃಶ್ಯದ ಒಂದು ಪ್ರತಿ ಠಾಣೆಯ ಕೈಗೆ ಸಿಗದ ಜಾಗದಲ್ಲಿರಬೇಕು. ದೃಶ್ಯ ಇಲ್ಲವೆಂದಾದರೆ ಅದು ಹೇಗೆ ಹೋಯಿತೆಂದು ಠಾಣಾಧಿಕಾರಿಯೇ ಉತ್ತರ ಕೊಡಬೇಕು. 2016ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳ ಕಲಾಪವನ್ನು ವಿಡಿಯೋ ಮಾಡಬೇಕು ಎಂದು 15ಎ ಕಲಮು ಹೇಳುತ್ತೆ, ಅದು ನಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ನಡೆಯಬೇಕು. ನಾವು ಮಾಡಬೇಕಾದ ಕೆಲಸವೂ ಇದೆ. ಎಲ್ಲಾದರೂ ದೌರ್ಜನ್ಯ ನಡೆದರೆ ಮೊದಲ ದಿನವೇ, ಸುತ್ತ ಯಾವ ಯಾವ ಕ್ಯಾಮೆರಾ ಇವೆ ಎಂದು ಬರೆದುಕೊಂಡು, ದೃಶ್ಯ ಅಳಿಸದಂತೆ ಇಡಿ ಎಂದು ಠಾಣೆಗೂ ಎಸ್ಪಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಊರೂರಿನ ಸಂಘಟನೆಯ ಹುಡುಗರು ಈ ಒಂದು ಅರ್ಜಿ ಬರೆಯಲು ಕಲಿತರೂ ದೊಡ್ಡ ಕೆಲಸ.

ಕೊನೆಗೆ ಲೆಕ್ಕ ಹಾಕಿ ನೋಡೋಣ. ನಮ್ಮ ಮೇಲೆ ಬರೆದದ್ದರ ಆಯಸ್ಸು 75 ವರ್ಷ. ನಮ್ಮ ಪರವಾಗಿ ಅಂಗಡಿಯ ಕ್ಯಾಮೆರಾ ಬರೆದದ್ದರ ಆಯಸ್ಸು 30 ದಿನ. ಸಾತ್ತಾನ್‌ಕುಳಂ ಠಾಣೆಯಲ್ಲಿ ಅದರ ಆಯಸ್ಸು ಒಂದೇ ದಿನ. ಕಣ್ಣು ಯಾರದು ಎನ್ನುವುದನ್ನು ಈ ಮೂರು ಅಂಕಿಗಳೇ ಹೇಳುತ್ತವೆ.

ಹಾಜರಿ ಕೂಗಿದಾಗ ಎದ್ದು ನಿಂತವರ ಮೊಮ್ಮಕ್ಕಳು, ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ನಾವು. ತಮ್ಮ ಬಗ್ಗೆ ಏನು ಬರೆದಿದ್ದಾರೆಂದು ಅವರಿಗೆ ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತೆ. ತಪ್ಪು ಮಾಡದವನಿಗೆ ಭಯ ಯಾಕೆ ಅಂತ ಕೇಳ್ತೀರಲ್ಲ, ಅದೇ ಮಾತನ್ನು ನಾವು ಠಾಣೆಯ ಬಾಗಿಲಲ್ಲಿ ನಿಂತು ಕೇಳ್ತಿದ್ದೇವೆ. ಪುಸ್ತಕ ಇತ್ತ ಕೊಡಿ ಸ್ವಾಮಿ.